ಲೈನ್ ತೆಗೆದರೂ ಬಿದ್ದ ಹೆಜ್ಜಾರ್ಲೆ

ಕಾರ್ಬನ್ ಹಾಳೆಗೆ ಒಂದು ವಾಸನೆ ಇದೆ, ಸೀಮೆಎಣ್ಣೆಗೂ ಮೇಣಕ್ಕೂ ನಡುವಿನದು. ಮೊನ್ನೆ ಹಳೇ ಟ್ರಂಕಿನ ತಳದಲ್ಲಿ ಒಂದು ಅರ್ಜಿಯ ಕಾರ್ಬನ್ ಪ್ರತಿ ಸಿಕ್ಕಿತು. ನನ್ನದೇ ದುಂಡು ಅಕ್ಷರ. ‘ದಿನವೂ ಸಂಜೆ ಆರು ಗಂಟೆಗೆ ಸರಿಯಾಗಿ ಕರೆಂಟು ಹೋಗುತ್ತಿದ್ದು, ಮಕ್ಕಳ ಓದಿಗೆ ತೊಂದರೆಯಾಗಿರುತ್ತದೆ...’ ಮುಂದಕ್ಕೆ ಓದಲಾಗಲಿಲ್ಲ. ಪಕ್ಕದ ಮನೆಯ ಲೈನ್‌ಮನ್ ನೆನಪಾದರು.

ತೊಂಬತ್ತರ ದಶಕದ ಕೊನೆ. ಹಾಸನ ಹತ್ತಿರದ ದುದ್ದದ ಕಡೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರು. ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ, ಅರ್ಧ ನನಗೆ, ಅರ್ಧ ಆ ಲೈನ್‌ಮನ್ ಸಂಸಾರಕ್ಕೆ ಬಾಡಿಗೆಗೆ ಕೊಟ್ಟಿದ್ದರು. ಅವರು ಮಾತು ಕಡಿಮೆಯ ಮನುಷ್ಯ. ನನಗೋ ಮೂಗಿನ ತುದಿಯಲ್ಲೇ ಕೋಪ.

ಆ ಚಳಿಗಾಲ ಊರ ಕೆರೆಗೆ ಹೆಜ್ಜಾರ್ಲೆಗಳು ಬಂದಿದ್ದವು. ಕೊಕ್ಕಿನ ಕೆಳಗೆ ಚೀಲವಿರುವ, ರೆಕ್ಕೆ ಬಿಚ್ಚಿದರೆ ಆಳುದ್ದವಾಗುವ ಹಕ್ಕಿಗಳು. ಆಗಲೇ ಅಪರೂಪವಾಗುತ್ತಿದ್ದವು. ಕೆರೆಯ ಹಿಂಬದಿಯಲ್ಲಿ ಕರೆಂಟಿನ ಲೈನು ಅಡ್ಡ ಹಾದಿತ್ತು. ಒಂದು ಬೆಳಿಗ್ಗೆ ಅದರ ಕೆಳಗೆ ಸತ್ತು ಬಿದ್ದಿದ್ದ ಒಂದನ್ನು ಮಕ್ಕಳು ಶಾಲೆಗೇ ಹೊತ್ತು ತಂದರು. ನಾನು ಸರಿಯಾಗಿ ನೋಡಲೂ ಇಲ್ಲ, ಕರೆಂಟ್ ಹೊಡೆದು ಸತ್ತಿದೆ, ಆಚೆ ಹಾಕಿ ಅಂದುಬಿಟ್ಟೆ. ಟೀಚರು ಹೇಳಿದ ಮೇಲೆ ಮುಗಿಯಿತಲ್ಲ, ಮಾತು ಊರೆಲ್ಲ ಸುತ್ತಿ ಪಕ್ಕದ ಮನೆಗೂ ಹೋಯಿತು.

ಆ ವಾರದಿಂದಲೇ ಸಂಜೆ ಕರೆಂಟು ಹೋಗತೊಡಗಿತು. ಆರಕ್ಕೆ ಹೋದರೆ ಬರುವುದು ಆರೂವರೆಗೆ. ನನಗೆ ಟ್ಯೂಷನ್ನಿನ ಹೊತ್ತು, ಮಕ್ಕಳಿಗೆ ಎದುರಿಗೇ ಎಸ್ಸೆಸ್ಸೆಲ್ಸಿ. ಲೈನ್‌ಮನ್ನರನ್ನೇ ಕೇಳಿದರೆ ಏನೋ ಗೊಣಗಿ ಜಾರಿಕೊಂಡರು. ಎರಡು ವಾರ ತಡೆದೆ. ಆಮೇಲೆ ಕೂತು ಅರ್ಜಿ ಬರೆದೆ, ಮಕ್ಕಳ ಹೆತ್ತವರ ಸಹಿ ಹಾಕಿಸಿದೆ, ಹಾಸನದ ಆಫೀಸಿಗೆ ಪೋಸ್ಟ್ ಮಾಡಿದೆ. ಸರ್ಕಾರಿ ನೌಕರಳೆಂದು ನಾನು ಮಾತ್ರ ಸಹಿ ಹಾಕಲಿಲ್ಲ. ಲೈನ್‌ಮನ್ನರ ಹೆಸರನ್ನೂ ಬರೆದಿರಲಿಲ್ಲ, ದೇವರಾಣೆ.

ಮಾರನೆಯ ಸಂಜೆ ಅವರು ಗೋಣಿಚೀಲ ಹಿಡಿದು ನನ್ನ ಬಾಗಿಲಿಗೆ ಬಂದರು. ಒಳಗೆ ಇನ್ನೂ ಮೈಬಿಸಿ ಆರದ ಹೆಜ್ಜಾರ್ಲೆ.

“ಮೇಡಮ್ಮೋರೆ, ಇವು ಬರೋ ಒತ್ಗೆ ಅಂತ ದಿನಾ ನಾನೇ ಲೈನ್ ತೆಗೀತಿದ್ದೆ. ಇವತ್ತೂ ತೆಗ್ದಿದ್ದೆ. ಕರೆಂಟೇ ಇರ್ನಿಲ್ಲ, ಆದ್ರೂವೆ ಬಿದ್ದದೆ. ಅದೆಂಗೆ?”

ಚೀಲ ಬಿಚ್ಚಿ ನೋಡಿದೆ. ಹಕ್ಕಿಯ ಮೈಮೇಲೆ ಸುಟ್ಟ ಗುರುತಿಲ್ಲ, ರೆಕ್ಕೆಯ ಮೂಳೆ ಮುರಿದಿದೆ. ಕರೆಂಟಿಗಲ್ಲ, ಸಂಜೆ ಮಬ್ಬಿನಲ್ಲಿ ತಂತಿ ಕಾಣದೆ ಬಡಿದುಕೊಂಡು ಸತ್ತಿದೆ. ಹಾಗೆಂದು ಹೇಳಿದೆ. ಆದರೆ ಮೊದಲು ಹೇಳಿದ್ದು ತಪ್ಪು ಅನ್ನಲಿಲ್ಲ, ಅರ್ಜಿಯ ಸುದ್ದಿ ಎತ್ತಲಿಲ್ಲ. ನನಗೆ ಮೊದಲಿನಿಂದಲೂ ಗೊತ್ತಿತ್ತೇನೋ ಎಂಬಂತೆ, ಪಾಠದ ದನಿಯಲ್ಲಿ ಹೇಳಿದೆ. ಈಗ ನೆನೆದರೆ ಥೂ ಅನ್ನಿಸುತ್ತದೆ.

ಅವರು, ಹಾಗಾದರೆ ಕಾಣುವಂತೆ ಮಾಡಬೇಕು ಎಂದು ಹೊರಟರು. ಗೊಬ್ಬರದ ಬಿಳಿ ಚೀಲಗಳನ್ನು ತೊಳೆದು, ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಎರಡೂ ಮನೆಗೆ ಸೇರಿದ ಹಗ್ಗದ ಮೇಲೆ ಒಣಹಾಕಿದರು. ನನ್ನ ಸೀರೆಗಳಿಗೆಲ್ಲ ಯೂರಿಯಾ ವಾಸನೆ ಹಿಡಿಯಿತೆಂದು ಅದಕ್ಕೂ ಜಗಳ ತೆಗೆದೆ. ಅಂಥವಳು ನಾನು. ರಿಪೇರಿಗೆ ಲೈನು ನಿಲ್ಲಿಸಿದ ಒಂದು ದಿನ, ಉದ್ದನೆಯ ಬಿದಿರು ಕೋಲಿನ ತುದಿಯಿಂದ ಕೆರೆಯ ಪಕ್ಕದ ತಂತಿಗಳಿಗೆಲ್ಲ ಆ ಪಟ್ಟಿಗಳನ್ನು ಸಿಕ್ಕಿಸಿದರು.

ವಾರದೊಳಗೆ ಅರ್ಜಿಯ ವಿಚಾರಣೆಗೆ ಹಾಸನದಿಂದ ಸಾಹೇಬರು ಬಂದರು. ಹೇಳದೆ ಕೇಳದೆ ಲೈನ್ ತೆಗೆದದ್ದು ಒಂದು ತಪ್ಪು, ತಂತಿಗೆ ಚಿಂದಿ ಕಟ್ಟಿದ್ದು ಇನ್ನೊಂದು. ಲೈನ್‌ಮನ್ನರಿಗೆ ಅರಕಲಗೂಡಿನ ಕಡೆಗೆ ವರ್ಗವಾಯಿತು. ಅರ್ಜಿ ಯಾರ ಅಕ್ಷರವೆಂದು ಅವರಿಗೆ ತಿಳಿಯಲಿಲ್ಲವೇ? ನನ್ನ ಹತ್ತಿರವೇ ಓದುತ್ತಿದ್ದ ಅವರ ಮಗಳ ನೋಟ್‌ಬುಕ್ಕಿನ ತುಂಬ ಇದ್ದದ್ದು ನನ್ನ ಅಕ್ಷರ... ಗೊತ್ತಿದ್ದೂ ಸುಮ್ಮನಿದ್ದರೋ, ಸಾಹೇಬರು ಅದನ್ನು ತೋರಿಸಲೇ ಇಲ್ಲವೋ, ಇವತ್ತಿಗೂ ಬಗೆಹರಿದಿಲ್ಲ.

ಪಾತ್ರೆ ಪಡಗ ಟೆಂಪೋಗೆ ಏರಿಸಿದ ಮೇಲೆ ನನ್ನ ಕಡೆ ಬಂದರು. “ಸಂಜೆ ಒತ್ನಲ್ಲಿ ಒಸಿ ಕೆರೆ ತಾವ ಓಗಿ ನೋಡ್ತಿರಿ, ಮೇಡಮ್ಮೋರೆ. ಪಟ್ಟಿ ಕಟ್ಟಿದ್ಮ್ಯಾಲೂ ಬಿದ್ವಾ ಅಂತ ನಂಗೆ ಗೊತ್ತಾಗ್ಬೇಕು.”

ಹೂಂ ಅಂದೆ. ಒಂದು ದಿನವೂ ಹೋಗಲಿಲ್ಲ. ನಾಚಿಕೆಯೋ, ಸೋಮಾರಿತನವೋ, ಕೆಳಗೆ ಬಿದ್ದಿರುವುದು ಕಂಡರೆ ಏನು ಮಾಡಲೆಂಬ ಭಯವೋ... ಎರಡು ವರ್ಷಕ್ಕೆ ನನಗೂ ವರ್ಗವಾಯಿತು.

ಎಷ್ಟೋ ವರ್ಷದ ಮೇಲೆ ಒಂದು ಸಲ ಅವರು ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಎದುರಾದರು. ತಲೆ ಪೂರ್ತಿ ನರೆತಿತ್ತು. ಕ್ಷೇಮ ಸಮಾಚಾರಕ್ಕೂ ಮೊದಲು ಹಕ್ಕಿಗಳು ಬಿದ್ದವೇ ಎಂದು ಕೇಳಿದರು. ಇಲ್ಲ, ಒಂದೂ ಬೀಳಲಿಲ್ಲ ಎಂದೆ. ಬಾಯಿಗೆ ಅದೇ ಬಂತು.

“ಅಂಗಾರೆ ನಾನು ಊರು ಬುಟ್ಟಿದ್ದು ದಂಡ ಆಗ್ನಿಲ್ಲ ಬುಡಿ,” ಎಂದರು. ಅವರು ಅಷ್ಟು ಬಾಯಿತುಂಬ ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಬಲವಂತ ಮಾಡಿ ಕಾಫಿ ಕೊಡಿಸಿದರು, ಕುಡಿದೆ.

ಅವರು ತೀರಿಕೊಂಡು ಎರಡು ವರ್ಷವಾಯಿತಂತೆ. ಚನ್ನರಾಯಪಟ್ಟಣದ ಒಂದು ಮದುವೆಯಲ್ಲಿ ಅವರ ಮಗಳೇ ಸಿಕ್ಕಿ ಹೇಳಿದ್ದಳು. ಅರ್ಜಿ ಕಣ್ಣಿಗೆ ಬಿದ್ದ ಮೇಲೆ ಮನಸ್ಸು ತಡೆಯದೆ ಕಳೆದ ಭಾನುವಾರ ಬಸ್ಸು ಹತ್ತಿ ಆ ಕೆರೆಗೆ ಹೋಗಿದ್ದೆ. ತಂತಿಯ ಮೇಲೆ ಪಟ್ಟಿಗಳ ಗುರುತೂ ಇಲ್ಲ. ನೀರಿನಲ್ಲಿ ಏಳೆಂಟು ಹೆಜ್ಜಾರ್ಲೆಗಳಿದ್ದವು. ಒಂದು ಮಾತ್ರ ಲೈನಿನ ಕೆಳಗೆ, ಜೊಂಡಿನ ಮೇಲೆ ರೆಕ್ಕೆ ಹರಡಿಕೊಂಡು ಸತ್ತು ಬಿದ್ದಿತ್ತು. ಪಟ್ಟಿ ಇಲ್ಲದ್ದಕ್ಕೆ ಬಿತ್ತೋ, ಪಟ್ಟಿ ಇದ್ದಾಗಲೂ ಬೀಳುತ್ತಿದ್ದವೋ, ಹೇಗೆ ಹೇಳಲಿ? ನೋಡಬೇಕಾದ ಕಾಲದಲ್ಲಿ ನಾನು ನೋಡಲಿಲ್ಲ, ನೋಡಿ ಎಂದವರು ಈಗಿಲ್ಲ. ಅವರು ಬದುಕಿದ್ದು, ಎದುರಿಗೆ ನಿಂತು ಬಿದ್ದವೇ ಎಂದು ಕೇಳಿದ್ದರೆ ಈ ಸಲವಾದರೂ ನಿಜ ಹೇಳುತ್ತಿದ್ದೆನೇ? ಅದೂ ಗೊತ್ತಿಲ್ಲ.