ಎತ್ತಿಗೆ ಮೈಲಿಗೆ

ಗೆಜ್ಜಲಗೆರೆಯಲ್ಲಿ ನಮ್ಮ ಎದುರುಮನೆಯ ಗಾಡಿಯವನಿಗೆ ಎತ್ತೆಂದರೆ ದೇವರು. ಯುದ್ಧಕಾಲದಲ್ಲಿ ನಮಗೆ ದೀಪಕ್ಕೆ ಎಣ್ಣೆ ಸಿಗುತ್ತಿರಲಿಲ್ಲ, ಅವನ ಎತ್ತಿನ ಕೊಂಬು ಮಾತ್ರ ಮಿರಿಮಿರಿ ಮಿಂಚುತ್ತಿತ್ತು. ಏನು ಕೇಳಿದರೂ ಕತ್ತೆತ್ತಿ ಸೂರ್ಯನನ್ನು ನೋಡಿ, "ಎಲ್ಲಕ್ಕೂ ಒಂದು ಒತ್ತು ಗೊತ್ತು ಐತೆ ಕಣಮ್ಮ" ಎನ್ನುತ್ತಿದ್ದ. ಸೂರ್ಯ ಇವನನ್ನು ಕೇಳಿಯೇ ಹುಟ್ಟುತ್ತಿದ್ದ ಹಾಗೆ.

ನನ್ನ ತಂಗಿ ಹೆತ್ತ ವಾರಕ್ಕೆ ಮಾತು ಬಿಟ್ಟಳು. ಒಂದು ಬೆಳಿಗ್ಗೆ, "ನಾಲೆ ಕರೀತೈತೆ ಕಣಕ್ಕ, ಓಯ್ತೀನಿ" ಎಂದು ಎದ್ದಳು. ಅವಳ ರಟ್ಟೆ ಹಿಡಿದುಕೊಂಡೇ ಎದುರುಮನೆಗೆ ಓಡಿದೆ.

"ಮದ್ದೂರು ಆಸ್ಪತ್ರೆಗೆ ಗಾಡಿ ಕಟ್ಟಣ್ಣ. ಇವ್ಳು ಸಾಯ್ತೀನಿ ಅಂತಾವ್ಳೆ."

"ಪುರುಡು ಕಳೀಲಿ. ಬಾಣ್ತೀನ ಈಗ ಗಾಡಿಗೆ ಅತ್ತಿಸ್ಕಂಡ್ರೆ ಎತ್ತಿಗೆ ಮೈಲಿಗೆ."

"ಅಲ್ಲೀಗಂಟ ಇವ್ಳ ಎಣ ಕಾಯ್ಲೇನ್ಲಾ?"

ಅವನು ಸೂರ್ಯನನ್ನು ನೋಡಿದ.

ತಂಗಿಯ ಸೆರಗಿಗೆ ನನ್ನ ಸೆರಗು ಗಂಟುಹಾಕಿ ಮದ್ದೂರಿಗೆ ನಡೆಸಿಕೊಂಡು ಹೊರಟೆ. ಮಗುವನ್ನು ಎತ್ತಿಕೊಂಡು ಅವ್ವ ಹಿಂದೆ ಬಂದಳು. ದಾರಿಯಲ್ಲಿ ತಂಗಿ, "ಗಂಟು ಬಿಚ್ಚಕ್ಕ" ಎಂದಳು. "ಬಿದ್ರೆ ಇಬ್ರೂ ಬೀಳವ, ಸುಮ್ನೆ ನಡಿ" ಎಂದೆ.

ಆಸ್ಪತ್ರೆಯ ನರ್ಸಮ್ಮ ಮೈಲಿಗೆಯ ಮಾತೇ ಎತ್ತಲಿಲ್ಲ. ಬಾಣಂತಿಯರಿಗೆ ಹೀಗೂ ಆಗುತ್ತದೆ, ಇವಳನ್ನು ಒಬ್ಬಳನ್ನೇ ಬಿಡಬೇಡಿ ಎಂದು ಮಂಚ ಕೊಟ್ಟಳು.

ಪುರುಡು ಕಳೆದ ಮೇಲೆ, ನಮ್ಮನ್ನು ಮನೆಗೆ ಕಳಿಸಿದ ದಿನ, ಗಾಡಿಯವನು ಹೊಸ ಹುಲ್ಲು ಹಾಸಿಕೊಂಡು ಆಸ್ಪತ್ರೆ ಬಾಗಿಲಿಗೆ ಬಂದ. "ಈಗ ಗಾಡಿ ಅತ್ತವ್ವ, ದೋಸ ಇಲ್ಲ."

ತಂಗಿ ಎತ್ತಿನ ಕತ್ತು ಸವರಿದಳು. "ಇವು ಒಳ್ಳೇವು, ಬಿಚ್ಬುಡಣ್ಣ. ನೀನು ಎಳಿ, ಕುಂತ್ಕತೀನಿ."

ಹೆತ್ತ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನಾವು ನಡೆದೇ ಊರಿಗೆ ಬಂದೆವು. ಅವನು ಖಾಲಿ ಗಾಡಿ ಹೊಡೆದುಕೊಂಡು ಹಿಂದೆ ಬಂದ.