ಹುಲ್ಲಪ್ಪನ ಎದುರಾಳಿ

ಅಮೀನಗಡದ ಕುರಿ ಸಂತೆಯಲ್ಲಿ ಹುಲ್ಲಪ್ಪನ ಟವೆಲ್ಲಿನ ಕೆಳಗೆ ಕೈ ಕೊಟ್ಟವರು ವ್ಯಾಪಾರ ಮುಗಿಸದೆ ಎದ್ದದ್ದು ಕಡಿಮೆ. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು, ಬಾಯಿ ಬಿಡದೆ ದರ ಕುದುರಿಸುವ ದಲ್ಲಾಳಿ ಅವನು. ಮಾರುವವನ ಹುಬ್ಬು ಒಂಚೂರು ಅಲುಗಿದರೂ ಅವನ ಹೊಟ್ಟೆಯೊಳಗಿನ ಮಾತು ಹುಲ್ಲಪ್ಪನಿಗೆ ತಿಳಿಯುತ್ತಿತ್ತು. ಈ ವಿದ್ಯೆ ಕುರಿಗಿಂತ ಮತದಾರರ ಮೇಲೆ ಚೆನ್ನಾಗಿ ನಡೆಯುತ್ತದೆ ಎಂದು ಅವನಿಗೆ ಹರೆಯದಲ್ಲೇ ಗೊತ್ತಾಗಿಹೋಯಿತು. ಅಲ್ಲಿಂದ ಶುರುವಾದದ್ದು, ಹುನಗುಂದದಿಂದ ಬಾದಾಮಿಯ ತನಕ ಯಾವ ಪಂಚಾಯ್ತಿ ಚುನಾವಣೆ ಬಂದರೂ ಯಾರಾದರೊಬ್ಬರು ಮೋಟಾರ್ ಸೈಕಲ್ ತಂದು ಅವನನ್ನು ಹತ್ತಿಸಿಕೊಂಡು ಹೋಗುತ್ತಿದ್ದರು.

ಅವನು ಭಾಷಣ ಮಾಡುವವನಲ್ಲ. ವೋಟು ಕೇಳಲು ಹೋದ ಮನೆಯಲ್ಲಿ ವೋಟಿನ ಮಾತನ್ನೇ ಎತ್ತುತ್ತಿರಲಿಲ್ಲ. ಎಮ್ಮೆ ಗಬ್ಬಾಗಿದೆಯೋ ಇಲ್ಲವೋ ವಿಚಾರಿಸುವುದು, ಒಂದು ತಂಬಿಗೆ ನೀರು ಬೇಡಿ ಕುಡಿಯುವುದು, ಎದ್ದು ಬರುವುದು. ಎರಡೂ ಕಡೆಗೆ ತಲೆ ಆಡಿಸುವ ಮನುಷ್ಯ ಸಿಕ್ಕರೆ ಪ್ರಚಾರದ ಬಾವುಟವನ್ನು ಅವನ ಕೈಗೇ ಕೊಟ್ಟುಬಿಡುವುದು. ಬಾವುಟ ಹಿಡಿದು ಊರೆಲ್ಲ ಸುತ್ತಿದವನು ಆಮೇಲೆ ಆ ಕಡೆ ಯಾವ ಮುಖ ಇಟ್ಟುಕೊಂಡು ಹೋಗಬೇಕು?

ದಿನದ ಪರಾಕ್ರಮವನ್ನೆಲ್ಲ ಅವನು ಊಟದ ಹೊತ್ತಿಗೆ ಹೆಂಡತಿ ಪದ್ಮವ್ವನಿಗೆ ಬಣ್ಣಿಸುತ್ತಿದ್ದ. ಪಟ್ಟದಕಲ್ಲಿನ ಆಚೆ, ಮಲಪ್ರಭೆಯ ದಂಡೆಯ ಊರಿನಲ್ಲಿ ಅವರ ಮನೆ. ಪದ್ಮವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ "ಹೂಂ" ಅನ್ನುತ್ತಿದ್ದಳು. ರೊಟ್ಟಿಯ ಸಪ್ಪಳದಲ್ಲಿ ಅವಳಿಗೆ ಅರ್ಧವೂ ಕೇಳಿಸಿರಲಿಕ್ಕಿಲ್ಲ ಎಂದೇ ಹುಲ್ಲಪ್ಪ ತಿಳಿದಿದ್ದ.

ಆ ವರ್ಷ ಅವರ ವಾರ್ಡು ಮಹಿಳೆಗೆ ಮೀಸಲಾಯಿತು. ಸುದ್ದಿ ಬಂದ ದಿನ ಪದ್ಮವ್ವ, "ನನ್ನ ಹೆಸರು ಕೊಟ್ರ ಹೆಂಗ?" ಎಂದಳು. ಹುಲ್ಲಪ್ಪ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡ. ಮರುದಿನ ಟ್ರ್ಯಾಕ್ಟರ್ ಮಾಲೀಕ ದುಂಡೇಶ ತನ್ನ ಹೆಂಡತಿ ಜಯಶ್ರೀಯನ್ನು ನಿಲ್ಲಿಸುತ್ತೇನೆಂದು ಬಂದಾಗ ಟವೆಲ್ಲಿನ ಕೆಳಗೆ ಅವನ ಕೈ ಹಿಡಿದು ಮಾತು ಕೊಟ್ಟುಬಿಟ್ಟ.

ಕಣದಲ್ಲಿ ಉಳಿದವರ ಹೆಸರುಗಳನ್ನು ಪಂಚಾಯ್ತಿ ಗೋಡೆಗೆ ಅಂಟಿಸಿದ ದಿನ ಓದಿ ಹೇಳಿದವನು ಪ್ರಚಾರದ ಆಟೋ ಓಡಿಸುವ ಶಾಬುದ್ದೀನ.

"ಹುಲ್ಲಪ್ಪಣ್ಣಾ, ಇದ್ರಾಗ ಪದ್ಮವ್ವ, ಗಂಡ ಹುಲ್ಲಪ್ಪ ಅಂತ ಐತಿ."

"ಅಂವ್ಯಾವ ಹುಲ್ಲಪ್ಪಲೇ, ಹೆಂಡ್ತಿನ್ನ ನಿಂದರಿಸಿ ಮರ್ಯಾದಿ ಕಳಕೊಳ್ಳಾಂವಾ?"

"ಈ ಊರಾಗ ಹುಲ್ಲಪ್ಪ ಅಂತ ಇರಾಂವಾ ನೀ ಒಬ್ಬನ ನೋಡು."

ಹುಲ್ಲಪ್ಪ ಮನೆಗೆ ಓಡಿಬಂದ. ಪದ್ಮವ್ವ ನೆರೆಮನೆಯ ರೋಷನಬಿಯೊಂದಿಗೆ ಕೂತು ಶೇಂಗಾ ಬಿಡಿಸುತ್ತಿದ್ದಳು. ಅವಳ ಅರ್ಜಿಗೆ ಸೂಚಕಿಯಾಗಿ ಸಹಿ ಹಾಕಿದವಳು ಅದೇ ರೋಷನಬಿ. ಅವನ ಮುಖ ನೋಡಿದ್ದೇ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ತನ್ನ ಮನೆ ಸೇರಿದಳು.

"ಏನಿದು?" ಎಂದ ಹುಲ್ಲಪ್ಪ.

"ಮೊದ್ಲ ಹೇಳಿದ್ನಲ್ಲ. ನೀವು ನಕ್ಕ್ರಿ."

"ಚ್ಯಾಷ್ಟಿ ಮಾಡಾಕತ್ತಿ ಅನಕೊಂಡಿದ್ದೆ!"

"ನಾನೂ ಚ್ಯಾಷ್ಟಿ ಅಂತನ ಅರ್ಜಿ ಹಾಕಿದ್ದೆ. ಈಗ ಖರೆ ಆಗೇತಿ."

"ದುಂಡೇಶಗ ಕೈ ಕೊಟ್ಟೀನಿ. ಮಾತು ಮುರಿಯಾಕ ಬರಂಗಿಲ್ಲ."

"ಮುರೀರಿ ಅಂತ ಯಾರಂದ್ರು? ಹೋಗ್ರಿ, ಚೊಲೋತ್ನಾಗ ಕೆಲಸಾ ಮಾಡ್ರಿ. ಹೆಂಡ್ತಿ ಅಂತ ಅರ್ಧಾಮರ್ಧಾ ಮಾಡಿ ನನ್ನ ಮಾನಾ ಕಳೀಬ್ಯಾಡ್ರಿ."

ಹುಲ್ಲಪ್ಪ ಚೊಲೋತ್ನಾಗೇ ಮಾಡಿದ. ಊರವರು ಅನುಮಾನದಿಂದ ನೋಡಿದಷ್ಟೂ ಜಯಶ್ರೀಗಾಗಿ ಹೆಚ್ಚು ಬೆವರು ಸುರಿಸಿದ. ಅವಳಿಗೆ ಬಂದ ಗುರುತು ಸೀಲಿಂಗ್ ಫ್ಯಾನು. ಬೇಸಿಗೆಯಲ್ಲಿ ಫ್ಯಾನಿಗಿಂತ ಒಳ್ಳೆಯ ಗುರುತುಂಟೇ ಎಂದು ಹಿಗ್ಗಿದ ಹುಲ್ಲಪ್ಪ, ಬೀರಪ್ಪನ ಗುಡಿಯ ಪಕ್ಕದ ಸಮುದಾಯ ಭವನದಲ್ಲಿ ಮಧ್ಯಾಹ್ನ ಸಭೆ ಇಟ್ಟ. ಬಿಸಿಲಿನಿಂದ ಬಂದ ಮಂದಿ ಗಾಳಿಯ ಕೆಳಗೆ ಕೂತು "ಅಬ್ಬಾ" ಅನ್ನುವ ಹೊತ್ತಿಗೆ ಜಯಶ್ರೀ ಕೈಮುಗಿದು ನಿಲ್ಲಬೇಕು ಎಂಬುದು ಲೆಕ್ಕ. ಮಂದಿ ಬಂದರು, ಕೂತರು, "ಅಬ್ಬಾ" ಅಂದರು. ಜಯಶ್ರೀ ಎದ್ದು ಕೈಮುಗಿದಳು. ಕರೆಂಟು ಹೋಯಿತು.

ಮೇಲಿನ ಫ್ಯಾನುಗಳು ನಿಧಾನಕ್ಕೆ ನಿಂತವು. ಬಾಗಿಲಲ್ಲಿ ಪದ್ಮವ್ವ ಕಾಣಿಸಿಕೊಂಡಳು. ಅವಳ ಗುರುತು ಬ್ಯಾಟರಿ, ಅಂದರೆ ಟಾರ್ಚು. ಉರಿಯುವ ಬ್ಯಾಟರಿ ಹಿಡಿದು, ಒಂದು ಮಾತೂ ಆಡದೆ, ನಿಂತ ಫ್ಯಾನುಗಳ ಮೇಲೆ ಒಂದೊಂದಾಗಿ ಬೆಳಕು ಬಿಟ್ಟಳು. ಭವನ ಹಾರಿಹೋಗುವಂತೆ ನಗೆ ಎದ್ದಿತು. ಮಧ್ಯಾಹ್ನ ಕರೆಂಟು ಯಾವಾಗ ತೆಗೆಯುತ್ತಾರೆಂದು ಊರಿನ ಹೆಂಗಸರಿಗೆಲ್ಲ ಗೊತ್ತು, ಹಿಟ್ಟಿನ ಗಿರಣಿಗೆ ಹೋಗುವವರು ಅವರೇ ಅಲ್ಲವೇ! ಸಂತೆ ತಿರುಗುವ ಹುಲ್ಲಪ್ಪನಿಗೆ ಅದು ಹೊಳೆದಿರಲಿಲ್ಲ.

ಆಮೇಲೆ ಬುತ್ತಿ ಬರತೊಡಗಿತು. ಹುಲ್ಲಪ್ಪ ಜಯಶ್ರೀಯ ಪ್ರಚಾರಕ್ಕೆ ಯಾವ ಓಣಿಯಲ್ಲಿದ್ದರೂ ಊಟದ ಹೊತ್ತಿಗೆ ಪದ್ಮವ್ವ ಬುಟ್ಟಿ ಹೊತ್ತು ಅಲ್ಲಿಗೇ ಬರುತ್ತಿದ್ದಳು. ಬುಟ್ಟಿಯಲ್ಲಿ ಒಬ್ಬನ ರೊಟ್ಟಿ ಇರುತ್ತಿರಲಿಲ್ಲ, ಹತ್ತು ಮಂದಿಯ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ, ಕೆನೆಮೊಸರು. "ನೀವೂ ಉಣ್ರೆಪ್ಪಾ, ಬಿಸಲಾಗ ದಣದೀರಿ" ಎಂದು ಫ್ಯಾನಿನ ಕಾರ್ಯಕರ್ತರಿಗೆಲ್ಲ ಬಡಿಸುತ್ತಿದ್ದಳು. ದುಂಡೇಶನ ಕಡೆಯಿಂದ ಬರುತ್ತಿದ್ದದ್ದು ತಣ್ಣನೆಯ ಚಿತ್ರಾನ್ನ. ಹುಡುಗರು ಬೇಡ ಎನ್ನುವುದಾದರೂ ಹೇಗೆ? ಮೂರನೆಯ ದಿನಕ್ಕೆ ಬುಟ್ಟಿ ಬರುವ ದಾರಿಯನ್ನು ಅವರೇ ಕಾಯತೊಡಗಿದರು. ಕೊರಳಲ್ಲಿ ಫ್ಯಾನಿನ ಶಾಲು, ಬಾಯಲ್ಲಿ ಬ್ಯಾಟರಿಯ ರೊಟ್ಟಿ. ಊರೆಲ್ಲ ಕಟ್ಟೆಯ ಮೇಲೆ ಕೂತು ಈ ಚಂದ ನೋಡಿತು.

"ಇಕಿ ನಮ್ಮ ಮಂದಿನ್ನ ಒಡ್ಯಾಕತ್ತಾಳೋ ಕಾಕಾ!" ಎಂದು ದುಂಡೇಶ ಹಲ್ಲು ಕಡಿದ.

"ಗಂಡಗ ಬುತ್ತಿ ತರಬ್ಯಾಡ ಅಂತ ಯಾವ ಕಾಯ್ದೇದಾಗ ಐತಿ?" ಎಂದ ಹುಲ್ಲಪ್ಪ. ಹೇಳುವಾಗ ಅವನ ಬಾಯಲ್ಲೂ ತುತ್ತಿತ್ತು. ಆ ಉಪಾಯ ತನ್ನದೇ ಬಾವುಟದ ಉಪಾಯದ ತಂಗಿ ಎಂದು ಅವನಿಗೆ ಅರ್ಥವಾಗಿತ್ತು. ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಜೊತೆಗೇ ಎದೆಯಲ್ಲಿ ಏನೋ ಕಚಗುಳಿ ಇಟ್ಟಂತಾಗಿ ಮೀಸೆಯ ಕೆಳಗೆ ನಗು ನುಸುಳುತ್ತಿತ್ತು.

ಕಡೆಯ ದಿನಗಳಲ್ಲಿ ಪದ್ಮವ್ವ ಪ್ರಚಾರವನ್ನೇ ನಿಲ್ಲಿಸಿದಳು. ನೀರಿನ ಟಾಕಿಯ ಹತ್ತಿರ ಕೊಡ ಇಟ್ಟುಕೊಂಡು, ಬಂದ ಬಂದ ಹೆಂಗಸರ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾ ಆರಿಸಿ ಬರಂಗಿಲ್ಲ, ಗೊತ್ತೈತಿ ಯವ್ವಾ. ಗಂಡನೇ ಎದುರಿನವರ ಕಡೆ ನಿಂತಾನ, ಎಲ್ಲಾರೂ ಜಯಶ್ರೀಗೇ ಹಾಕ್ತಾರ. ನನ್ನ ಮಾನಾ ಉಳಿಯೂವಷ್ಟು ನಿಂದೊಂದು ಬಿದ್ರ ಸಾಕು. ಯಾರ ಮುಂದೂ ಹೇಳಬ್ಯಾಡ." ಕೇಳಿದ ಪ್ರತಿಯೊಬ್ಬಳಿಗೂ ಕರುಳು ಚುರುಕ್ ಅಂದಿತು. ತನ್ನದೊಂದೇ ವೋಟು ತಾನೇ, ಅದರಿಂದ ಯಾರೂ ಸೋಲುವುದಿಲ್ಲ ಎಂದು ಪ್ರತಿಯೊಬ್ಬಳೂ ಗುಟ್ಟಾಗಿ ನಿಶ್ಚಯಿಸಿದಳು.

ಪದ್ಮವ್ವ ಅಳುತ್ತಿದ್ದಾಳೆ ಎಂಬ ಸುದ್ದಿ ದುಂಡೇಶನಿಗೆ ಮುಟ್ಟಿ, ಅವನು ಆಗಲೇ ಬಾಗಲಕೋಟೆಯಿಂದ ಹಾರ, ಪಟಾಕಿ ತರಿಸಿದ. "ಇನ್ನ ಎರಡ ದಿನ ಐತಿ, ಮನಿ ಮನಿ ತಿರಗಬೇಕು" ಎಂದು ಹುಲ್ಲಪ್ಪ ಬಡಕೊಂಡರೂ ಯಾರೂ ಕೇಳಲಿಲ್ಲ. ಗೆಲ್ಲುತ್ತೇವೆ ಎಂದುಕೊಂಡವರು ಮಲಗುತ್ತಾರೆ ಎಂದು ಊಟದ ಹೊತ್ತಿಗೆ ಎಷ್ಟೋ ಸಲ ಹೇಳಿದವನು ಅವನೇ. ಹೇಳಿದ್ದು ಯಾರಿಗೆ ಎಂಬುದು ಆಗ ನೆನಪಾಯಿತು.

ಬಾದಾಮಿಯಲ್ಲಿ ಎಣಿಕೆ ಮುಗಿದಾಗ ಪದ್ಮವ್ವ ಗೆದ್ದಿದ್ದಳು, ಅದೂ ಸಣ್ಣ ಅಂತರದಲ್ಲಲ್ಲ. ಎಲ್ಲರಿಗಿಂತ ಹೆಚ್ಚು ಗಾಬರಿಯಾದವರು ಊರಿನ ಹೆಂಗಸರು. "ನಾ ಒಬ್ಬಾಕಿನ ಹಾಕೀನಿ ಅನಕೊಂಡಿದ್ದೆನೇ!" ಎಂದು ಒಬ್ಬರಿಗೊಬ್ಬರು ಗಲ್ಲ ಹಿಡಿದು ನಕ್ಕರು.

"ಎರಡೂ ಮನಿ ಉಂಡಿ ಕಾಕಾ ನೀ" ಎಂದು ದುಂಡೇಶ ಎಲ್ಲರೆದುರು ಹರಿಹಾಯ್ದ.

"ನಾ ಒಬ್ಬನ ಉಂಡೆನೇನು? ನಿನ್ನ ಹುಡುಗರ್ನ ಕೇಳು" ಎಂದ ಹುಲ್ಲಪ್ಪ. ಹುಡುಗರು ನೆಲ ನೋಡಿದರು. ಜಯಶ್ರೀಯೇ ಮೊದಲು ನಕ್ಕದ್ದು. ಅವಳಿಗೆ ಈ ಉಸಾಬರಿ ಬೇಕಾಗಿರಲೂ ಇಲ್ಲ.

ಹುಲ್ಲಪ್ಪನ ಸ್ವಂತ ವೋಟು ಯಾರಿಗೆ ಬಿತ್ತು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ದುಂಡೇಶನ ಮುಂದೆ ಬೀರಪ್ಪನಾಣೆ ಫ್ಯಾನಿಗೆ ಎಂದ, ಮನೆಯಲ್ಲಿ ಅದೇ ಬೀರಪ್ಪನಾಣೆ ಬ್ಯಾಟರಿಗೆ ಎಂದ. ಇಬ್ಬರೂ ನಂಬಲಿಲ್ಲ.

ಕೆಲವು ತಿಂಗಳ ಮೇಲೆ ಇಳಕಲ್ಲಿನಿಂದ ಒಂದು ಜೀಪು ಬಂದು ಅವರ ಮನೆಯ ಮುಂದೆ ನಿಂತಿತು. ಆ ಕಡೆಯ ಸಹಕಾರಿ ಸಂಘದ ಚುನಾವಣೆಗೆ ನಿಂತ ನಿಂಗರಾಜ ಎಂಬಾತ ಇಳಿದ. ಹುಲ್ಲಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಬರ್ರಿ, ಬರ್ರಿ, ನಿಮ್ಮ ಕಡೆ ಮಂದಿ ಹೆಂಗ ಅದಾರ?" ಎಂದು ಚಾಪೆ ಹಾಸಿದ.

"ಆರಾಮ ಅದಾರ್ರಿ. ಅಕ್ಕಾರು ಮನ್ಯಾಗ ಅದಾರೇನ್ರಿ?" ಎಂದ ನಿಂಗರಾಜ, ಅಡುಗೆಮನೆಯ ಕಡೆ ಕತ್ತು ಚಾಚಿ.

ಹುಲ್ಲಪ್ಪ ಚಹಾಕ್ಕೆ ನೀರಿಡಲು ಎದ್ದ. ಪದ್ಮವ್ವ ಕೈ ಒರೆಸಿಕೊಳ್ಳುತ್ತ ಹೊರಬಂದು ಬಂದವನ ಮಾತನ್ನೆಲ್ಲ ಕೇಳಿದಳು.

"ಬರ್ತೇನಿ ತಮ್ಮಾ. ಆದ್ರ ಒಂದು ಕರಾರು."

"ಹೇಳ್ರಿ ಅಕ್ಕಾರ."

"ನಮ್ಮ ಮನಿಯವರೂ ಬರಬೇಕು. ಹೆಂಗರ ಮಾಡಿ ಅವರ್ನ ಎದುರಿನವರ ಕಡೆ ಹಚ್ಚಿಬಿಡು, ಉಳಿದದ್ದ ನಾ ನೋಡಕೋತೇನಿ."

ಒಳಗೆ ಚಹಾ ಸೋಸುತ್ತಿದ್ದ ಹುಲ್ಲಪ್ಪ ಎಷ್ಟು ಜೋರಾಗಿ ನಕ್ಕನೆಂದರೆ ಅರ್ಧ ಚಹಾ ನೆಲದ ಪಾಲಾಯಿತು.