ಕೆಳತೊಟ್ಟಿಗೊಂದು ಕೋಡಿ

ಹಿರಿಯೂರಿನ ಕೊಬ್ಬರಿ ವ್ಯಾಪಾರವನ್ನು ತಮ್ಮನಿಗೆ ಒಪ್ಪಿಸಿದ ವರ್ಷ ನಾನು ನಡುಮನೆಯಲ್ಲಿ ಹವಳದ ತೊಟ್ಟಿಯನ್ನಿರಿಸಿದೆ: ಗಾಜಿನೊಳಗೆ ಉಪ್ಪುನೀರು, ಜೀವಂತ ಹವಳ, ಒಂದು ಜೊತೆ ಕಿತ್ತಳೆ ಬಣ್ಣದ ಮೀನು. ಕಡಲಿಲ್ಲದ ಊರಿನಲ್ಲಿ ಕಡಲು ಸಾಕುವ ಹುಚ್ಚೆಂದು ನೆಂಟರು ನಕ್ಕರು. ಹೆಂಡತಿ ನಗಲಿಲ್ಲ, ಷರತ್ತು ಹಾಕಿದಳು.

"ನೆಲದ ಮ್ಯಾಲೆ ಒಂದ್ಸಲ ಉಪ್ಪುನೀರು ಹರೀತೋ, ಈ ಡಬ್ಬ ಹೊರಗೆ. ಬೇಕಾದ್ರೆ ನೀವೂ ಅದರ ಜತಿಗೇ ಹೋಗ್ರಿ."

ಬೇಸಿಗೆ ಬಂದಾಗ ತೊಂದರೆ ಕಾಣಿಸಿತು. ನಮ್ಮ ಸೀಮೆಯ ಒಣಗಾಳಿ ತೊಟ್ಟಿಯ ನೀರನ್ನು ದಿನವೂ ಕುಡಿಯುತ್ತಿತ್ತು. ನೀರು ಆರಿದರೂ ಉಪ್ಪು ಆರುವುದಿಲ್ಲ. ಉಳಿದ ನೀರು ಕಟುವಾಗಿ ಹವಳ ಮುದುಡಿಕೊಳ್ಳುತ್ತಿತ್ತು. ಚಿತ್ರದುರ್ಗದ ಮೀನಂಗಡಿಯವನು ಇದಕ್ಕೆ ಸಂಪು ಬೇಕೆಂದ. ಸಂಪೆಂದರೆ ತೊಟ್ಟಿಯ ಕೆಳಗೆ ಮರೆಯಲ್ಲಿಡುವ ಇನ್ನೊಂದು ತೊಟ್ಟಿ. ಮೇಲಿನ ನೀರು ಕೊಳವೆಯಲ್ಲಿ ಅದಕ್ಕಿಳಿಯುತ್ತದೆ, ಪಂಪು ಮತ್ತೆ ಮೇಲೇರಿಸುತ್ತದೆ. ಒಟ್ಟು ನೀರು ಹೆಚ್ಚುವುದರಿಂದ ಉಪ್ಪಿನ ಏರಿಳಿತ ತಗ್ಗುತ್ತದೆ.

"ಸಂಪಿಲ್ದೆ ಹವಳ ಬದುಕಂಗೇ ಇಲ್ಲ ಸಾರ್, ಬರೆದಿಟ್ಕಳ್ರಿ," ಎಂದ ಅವನು.

ಹೊಸದುರ್ಗದಲ್ಲಿ ಬಹುಕಾಲದಿಂದ ಮೀನು ಸಾಕುತ್ತಿರುವ ಭಾವಮೈದುನ ಫೋನಿನಲ್ಲಿ ನಕ್ಕ. "ಭಾವ, ಅದು ಅಂಗಡಿಯೋರ ಕತೆ. ಕರೆಂಟ್ ಹೋತು ಅಂದ್ರೆ ಮೇಲಿನ ನೀರೆಲ್ಲ ಇಳಿದು ಮನೆ ತುಂಬಾ ಹರಿತೈತೆ. ನಮ್ಮಕ್ಕ ಬಿಡ್ತಾಳಾ?"

ನಾನು ಇಬ್ಬರನ್ನೂ ನಂಬಲಿಲ್ಲ. ಮಾರಿಕಣಿವೆ ಅಣೆಕಟ್ಟು ಇನ್ನು ಕೋಡಿ ಬೀಳುವುದಿಲ್ಲವೆಂಬ ಹಿರಿಯರ ಮಾತನ್ನು ನಂಬಿ ಬೆಳೆದವನು ನಾನು. ಅದು ಕೋಡಿ ಬಿದ್ದದ್ದನ್ನು ಕಂಡ ಮೇಲೆ, ಸ್ವತಃ ನೋಡದ ಯಾವುದನ್ನೂ ಒಪ್ಪುವುದನ್ನು ಬಿಟ್ಟಿದ್ದೇನೆ.

ಹಳೆಯ ಗಾಜಿನ ತೊಟ್ಟಿಯೊಂದನ್ನು ಕೆಳಗಿಟ್ಟು, ಅರ್ಧದಷ್ಟು ತುಂಬಿಸಿ, ಕೊಳವೆ ಜೋಡಿಸಿ, ನಾನೇ ಪಂಪು ಆರಿಸಿದೆ. ಮೇಲಿನ ನೀರು ಕೊಳವೆಯ ಬಾಯಿಯವರೆಗೆ ಇಳಿದು ಅಲ್ಲೇ ನಿಂತಿತು. ಇಳಿದಷ್ಟಕ್ಕೆ ಕೆಳಗೆ ಜಾಗವಿತ್ತು. ನೆಲಕ್ಕೆ ಹನಿಯೂ ಬೀಳಲಿಲ್ಲ. ಭಾವಮೈದುನ ಸೋತನೆಂದುಕೊಂಡೆ.

ವಾರದೊಳಗೆ ಅವನು ಗೆದ್ದ. ನಮ್ಮಲ್ಲಿ ನಲ್ಲಿ ಬರುವ ದಿನ ಪಾತ್ರೆಯನ್ನು ಖಾಲಿ ಬಿಡುವವರಿಲ್ಲ. ಹಂಡೆಯಿಂದ ಚೊಂಬಿನವರೆಗೆ ಎಲ್ಲವೂ ತುಂಬಬೇಕು. ನಾನು ಪೇಟೆಗೆ ಹೋಗಿದ್ದಾಗ ನಲ್ಲಿ ಬಂತು, ಅರ್ಧ ಖಾಲಿಯಿದ್ದ ಸಂಪು ಹೆಂಡತಿಯ ಕಣ್ಣಿಗೆ ಬಿತ್ತು. ಕೊಡದ ಮೇಲೆ ಕೊಡ ಸುರಿದು ಕಂಠಮಟ್ಟ ತುಂಬಿಸಿದಳು. ಅದರ ಹಿಂದೆಯೇ ಕರೆಂಟ್ ಹೋಯಿತು. ನಾನು ಬಂದಾಗ ಅವಳು ಸೀರೆ ಎತ್ತಿ ಕಟ್ಟಿ, ನಡುಮನೆಯ ನೀರಿಗೆ ಗೋಣಿಚೀಲ ಹಾಸುತ್ತಿದ್ದಳು.

"ನಲ್ಲಿ ದಿನ ಯಾರಾದ್ರೂ ಅರ್ಧ ಖಾಲಿ ಇಡ್ತಾರೇನ್ರಿ?"

"ತುಂಬಿದ್ದು ಯಾರು?" ಎಂದೆ.

"ತುಂಬಬ್ಯಾಡ ಅಂತ ಹೇಳಿದ್ರಾ? ಷರತ್ತು ಷರತ್ತೇ. ಭಾನುವಾರ ಡಬ್ಬ ಹೊರಗೆ."

ನಲ್ಲಿ ನೀರು ಆಗಲೇ ಮೇಲಕ್ಕೂ ಬೆರೆತು ಹವಳ ಮುದುಡಿತ್ತು. ಕ್ಲೋರಿನ್ ಕಳೆಯುವ ಔಷಧಿ ಹಾಕಿ, ಉಪ್ಪಿನ ಹದವನ್ನು ನಿಧಾನವಾಗಿ ಏರಿಸಿ ಉಳಿಸಿಕೊಂಡೆ. ತುಂಬಬಾರದೆಂದು ಅವಳಿಗೆ ಹೇಳಿ ಮುಗಿಸಬಹುದಿತ್ತು. ಆದರೆ ಖಾಲಿ ಪಾತ್ರೆ ಸಹಿಸದ ಮನೆಯಲ್ಲಿ ಮಾತಿನ ಮೇಲೆ ನಿಲ್ಲುವ ವ್ಯವಸ್ಥೆ ಎಷ್ಟು ದಿನ ನಿಂತೀತು? ಕೆರೆ ಕಟ್ಟಿದವರು ಮಳೆಗೆ ಮಿತಿ ಹೇಳಲಿಲ್ಲ. ಕೆರೆಗೆ ಕೋಡಿ ಇಟ್ಟರು.

ಗಾಜಿನ ಅಂಗಡಿಯಲ್ಲಿ ಸಂಪಿನ ಪಕ್ಕಕ್ಕೆ, ಅರ್ಧಕ್ಕಿಂತ ತುಸು ಮೇಲೆ, ದೊಡ್ಡ ರಂಧ್ರ ಕೊರೆಸಿದೆ. ಅದಕ್ಕೆ ಪೈಪು ಜೋಡಿಸಿ, ಗೋಡೆ ದಾಟಿಸಿ, ಹಿತ್ತಲಿನ ತೆಂಗಿನ ಪಾತಿಗೆ ಬಿಟ್ಟೆ. ತೆಂಗಿಗೆ ಉಪ್ಪು ಒಳ್ಳೆಯದೆನ್ನುವ ಮಾತನ್ನೂ ನಾನಿನ್ನೂ ನಂಬಿಲ್ಲ; ಮರವನ್ನು ಗಮನಿಸುತ್ತಿದ್ದೇನೆ.

ಭಾನುವಾರ ಹದವಾಗಿ ಉಪ್ಪು ಬೆರೆಸಿದ ನೀರಿನ ಕೊಡಗಳನ್ನು ಅವಳ ಮುಂದಿಟ್ಟು, "ತುಂಬು, ನೋಡಾಣ," ಎಂದೆ. ಸುರಿದಳು. ಹೆಚ್ಚಿನ ನೀರು ಪೈಪು ಹಿಡಿದು ಹೊರಟಿತು. ಆಗ ನಾನು ಮೇನ್ ಸ್ವಿಚ್ಚನ್ನೇ ಇಳಿಸಿದೆ. ಮೇಲಿನ ನೀರು ಇಳಿಯಿತು. ಹಿತ್ತಲಿನಲ್ಲಿ ಗುಳುಗುಳು ಸದ್ದಾಯಿತು. ಅವಳು ಬರಿಗಾಲನ್ನು ನೆಲದ ಮೇಲೆ ಉದ್ದಕ್ಕೂ ಸವರಿದಳು.

"ಒಣಗೇ ಐತೆ," ಎಂದಳು ಅನುಮಾನದಿಂದ. "ಇನ್ನೊಂದು ಕೊಡ ಹಾಕ್ಲಾ?"

"ಹಾಕು."

ಹಾಕಿದಳು. ಮತ್ತೊಮ್ಮೆ ಕಾಲು ಸವರಿ, ಬರಿದಾದ ಕೊಡವನ್ನು ಸೊಂಟಕ್ಕೇರಿಸಿಕೊಂಡು ಅಡುಗೆಮನೆಗೆ ಹೋದಳು. ತೊಟ್ಟಿ ಎಲ್ಲಿತ್ತೋ ಅಲ್ಲೇ ಇದೆ, ಸಂಪಿನ ಸಮೇತ.